ವಿದ್ಯುತ್ ಬಾಣಲೆಯ ಆಯ್ಕೆ: ಲೀಟರೋ, ವ್ಯಾಟೋ?

ಕಾದ ಎಣ್ಣೆಗೆ ಒಂದು ವಡೆಯನ್ನು ಬಿಟ್ಟೊಡನೆ ಅದರ ಸುತ್ತಲೂ ಗುಳ್ಳೆಗಳು ಏಳುವುದನ್ನು ನೋಡದವರಿಲ್ಲ. ‘ಎಣ್ಣೆ ಕುದಿಯುತ್ತಿದೆ’ ಎಂದು ನಾವು ಸಹಜವಾಗಿ ಹೇಳಿಬಿಡುತ್ತೇವೆ. ಆದರೆ ಆ ಮಾತು ಸರಿಯಲ್ಲ. ಕರಿಯುವ ಎಣ್ಣೆಯ ಉಷ್ಣತೆ ಸಾಮಾನ್ಯವಾಗಿ ೧೭೦ರಿಂದ ೧೮೦ ಸೆಂಟಿಗ್ರೇಡ್ ಡಿಗ್ರಿಗಳಷ್ಟಿರುತ್ತದೆ. ಆ ಉಷ್ಣತೆಯಲ್ಲಿ ಅಡಿಗೆಯ ಎಣ್ಣೆ ಕುದಿಯುವುದಿಲ್ಲ. ವಡೆಯನ್ನು ಹೊರಗೆ ತೆಗೆದರೆ ಗುಳ್ಳೆಗಳೂ ನಿಲ್ಲುತ್ತವೆ. ಎಣ್ಣೆ ಮೊದಲಿನಷ್ಟೇ ಬಿಸಿಯಾಗಿ, ನಿಶ್ಚಲವಾಗಿ ಉಳಿಯುತ್ತದೆ. ಅಂದಮೇಲೆ ಕುದಿಯುತ್ತಿದ್ದುದು ಎಣ್ಣೆಯಲ್ಲ, ವಡೆಯೊಳಗಿನ ನೀರು.

ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಇಂದು ಅನೇಕ ಸಣ್ಣ ಹೋಟೆಲುಗಳ ಮಾಲೀಕರನ್ನು ಕಾಡುವ ಒಂದು ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅನಿಲದ ಒಲೆಯ ಮೇಲಣ ಕಬ್ಬಿಣದ ಬಾಣಲೆಗೆ ಬದಲಾಗಿ, ಮೇಜಿನ ಮೇಲೆ ಇಡಬಹುದಾದ ವಿದ್ಯುತ್ ಬಾಣಲೆಗಳು ಈಗ ಬಳಕೆಗೆ ಬಂದಿವೆ. ಅಂಗಡಿಯವರು ಇದನ್ನು ಎಲೆಕ್ಟ್ರಿಕ್ ಫ್ರೈಯರ್ ಎಂದು ಕರೆಯುತ್ತಾರೆ. ತುಕ್ಕು ಹಿಡಿಯದ ಉಕ್ಕಿನ ಒಂದು ತೊಟ್ಟಿ, ಅದರೊಳಗೆ ಬಾಗಿಸಿಟ್ಟ ಒಂದು ತಾಪಕ ನಳಿಗೆ, ಉಷ್ಣತೆಯನ್ನು ನಿಯಂತ್ರಿಸುವ ಒಂದು ಗುಂಡಿ, ರಚನೆ ಇಷ್ಟೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಲೀಟರು ಹಿಡಿಯುತ್ತದೆ?’ ಎಂಬುದು. ಕೇಳಬೇಕಾದ ಪ್ರಶ್ನೆಯಾದರೋ ಬೇರೆಯೇ ಇದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾಲೇಜಿನ ಪಕ್ಕದಲ್ಲೊಂದು ಸಣ್ಣ ಉಪಾಹಾರ ಗೃಹವಿದೆ. ಸಂಜೆ ತರಗತಿಗಳು ಮುಗಿದ ಮೇಲಣ ಒಂದು ಗಂಟೆಯಲ್ಲಿ ಅಲ್ಲಿ ೧೦ ಕಿಲೋಗ್ರಾಂ ಹಿಟ್ಟಿನ ಉದ್ದಿನ ವಡೆಗಳು ಖರ್ಚಾಗುತ್ತವೆ ಎಂದು ಭಾವಿಸಿರಿ. ಮಾಲೀಕನ ಮುಂದೆ ಸರಿಸುಮಾರು ಒಂದೇ ಬೆಲೆಯ ಎರಡು ಯಂತ್ರಗಳಿವೆ. ಮೊದಲನೆಯದು ೧೦ ಲೀಟರ್ ಎಣ್ಣೆ ಹಿಡಿಯುತ್ತದೆ, ಅದರ ಸಾಮರ್ಥ್ಯ ೨,೦೦೦ ವ್ಯಾಟ್. ಎರಡನೆಯದು ೬ ಲೀಟರ್ ಮಾತ್ರ ಹಿಡಿಯುತ್ತದೆ, ಸಾಮರ್ಥ್ಯ ೩,೦೦೦ ವ್ಯಾಟ್. ಇವುಗಳಲ್ಲಿ ಯಾವುದು ಮೇಲು?

ಕರಿಯುವುದೆಂದರೇನು?

ಹಸಿ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಹಿಟ್ಟು ಬಿಸಿ ಎಣ್ಣೆಯನ್ನು ಮುಟ್ಟಿದಾಗ ಅದರ ಹೊರಮೈಯ ನೀರು ೧೦೦ ಡಿಗ್ರಿಗೇರಿ ಉಗಿಯಾಗುತ್ತದೆ. ಉಗಿ ಹೊರಕ್ಕೆ ನುಗ್ಗುವುದರಿಂದ ಎಣ್ಣೆ ಒಳಕ್ಕೆ ನುಸುಳಲಾರದು. ಹೊರಮೈ ಒಣಗಿದ ಬಳಿಕವಷ್ಟೇ ಅದರ ಉಷ್ಣತೆ ೧೦೦ ಡಿಗ್ರಿಯನ್ನು ಮೀರಿ, ಹೊಂಬಣ್ಣವೂ ಪರಿಮಳವೂ ಉಂಟಾಗುತ್ತವೆ. ಒಳಗಣ ತಿರುಳಿನಲ್ಲಿ ನೀರು ಉಳಿದಿರುವವರೆಗೆ ಅಲ್ಲಿಯ ಉಷ್ಣತೆ ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಒಳ್ಳೆಯ ವಡೆಯೆಂದರೆ ಹೊರಗೆ ಕರಿದದ್ದು, ಒಳಗೆ ಹಬೆಯಲ್ಲಿ ಬೆಂದದ್ದು.

ವಡೆಯನ್ನು ಎಣ್ಣೆಯಿಂದ ಎತ್ತಿದ ಮೇಲೆ ನಡೆಯುವುದೂ ಗಮನಾರ್ಹ. ಒಳಗಣ ಉಗಿ ತಣಿದು ನೀರಾಗುತ್ತಲೇ ಒತ್ತಡ ಕುಗ್ಗುತ್ತದೆ; ಹೊರಮೈಗೆ ಅಂಟಿದ್ದ ಎಣ್ಣೆಯನ್ನು ರಂಧ್ರಗಳು ಒಳಕ್ಕೆ ಹೀರಿಕೊಳ್ಳುತ್ತವೆ. ನಾವು ತಿನ್ನುವ ಎಣ್ಣೆಯ ಬಹುಭಾಗ ಹೀಗೆ, ಕರಿದು ಮುಗಿದ ಮೇಲೆ, ಒಳಸೇರಿದ್ದು. ಜಾಲರಿಯನ್ನು ಎತ್ತಿದೊಡನೆ ಚೆನ್ನಾಗಿ ಕೊಡಹಿ, ಬಿಸಿಯಿರುವಾಗಲೇ ಎಣ್ಣೆಯನ್ನು ಬಸಿಯಬೇಕೆಂದು ಅನುಭವಿಗಳು ಹೇಳುವುದಕ್ಕೆ ಇದೇ ಕಾರಣ.

ಹೀಗೆ ನೋಡಿದರೆ, ಕರಿಯುವ ಯಂತ್ರವು ಮುಖ್ಯವಾಗಿ ನೀರನ್ನು ಉಗಿಯಾಗಿಸುವ ಯಂತ್ರ. ಎಣ್ಣೆಯು ತಾಪಕದಿಂದ ಶಾಖವನ್ನು ಪಡೆದು ಪದಾರ್ಥಕ್ಕೆ ಮುಟ್ಟಿಸುವ ದಲ್ಲಾಳಿ ಮಾತ್ರ.

ಶಾಖದ ಲೆಕ್ಕ

ಒಂದು ಕಿಲೋಗ್ರಾಂ ಹಿಟ್ಟನ್ನು ಕರಿಯಲು ಎಷ್ಟು ಶಾಖ ಬೇಕು? ೩೦ ಡಿಗ್ರಿಯ ಹಿಟ್ಟನ್ನು ೧೦೦ ಡಿಗ್ರಿಗೆ ಏರಿಸಲು ಸುಮಾರು ೨೩೦ ಕಿಲೊಜೌಲ್ ಬೇಕಾಗುತ್ತದೆ. ಕರಿಯುವಾಗ ಹಿಟ್ಟಿನ ತೂಕದ ಕಾಲು ಭಾಗದಷ್ಟು, ಎಂದರೆ ೨೫೦ ಗ್ರಾಂ ನೀರು ಉಗಿಯಾಗಿ ಹೋಗುವುದೆಂದು ಇಟ್ಟುಕೊಳ್ಳೋಣ. ನೀರಿನ ಗುಪ್ತೋಷ್ಣ ಕಿಲೋಗ್ರಾಮಿಗೆ ೨,೨೫೭ ಕಿಲೊಜೌಲ್. ಆದ್ದರಿಂದ ೨೫೦ ಗ್ರಾಂ ನೀರಿಗೆ ಸುಮಾರು ೫೬೫ ಕಿಲೊಜೌಲ್. ಎರಡನ್ನೂ ಕೂಡಿದರೆ ಸುಮಾರು ೮೦೦ ಕಿಲೊಜೌಲ್. ಇದರಲ್ಲಿ ಹೆಚ್ಚು ಪಾಲು ಗುಪ್ತೋಷ್ಣದ್ದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಪದಾರ್ಥ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಗಟ್ಟಿಯಾಗಿ ಕಲಸಿ ತಟ್ಟುವ ಮದ್ದೂರು ವಡೆಯಲ್ಲಿ ನೀರು ಕಡಿಮೆ. ಇದಕ್ಕೆ ವಿರುದ್ಧವಾಗಿ, ಹೆಪ್ಪುಗಟ್ಟಿಸಿ ಮಾರುವ ಆಲೂಗೆಡ್ಡೆಯ ಹೋಳುಗಳನ್ನು –೧೮ ಡಿಗ್ರಿಯಿಂದ ಮೇಲೆತ್ತಬೇಕು. ಮೊದಲು ಅವುಗಳೊಳಗಿನ ಮಂಜುಗಡ್ಡೆ ಕರಗಬೇಕು, ಅನಂತರ ನೀರು ಕಾಯಬೇಕು, ಕೊನೆಗೆ ಉಗಿಯಾಗಬೇಕು. ತೂಕದ ಶೇಕಡ ೩೦ರಷ್ಟು ನೀರು ಹೋಗುವುದೆಂದರೆ ಕಿಲೋಗ್ರಾಮಿಗೆ ಸುಮಾರು ೧,೩೦೦ ಕಿಲೊಜೌಲ್ ಬೇಕಾಗುತ್ತದೆ. ವಡೆಗೆ ಸಾಲುವ ಯಂತ್ರ ಆಲೂಗೆಡ್ಡೆಗೆ ಸಾಲದೆ ಹೋಗುವುದು ಹೀಗೆ.

ಇನ್ನು ಯಂತ್ರ ಒದಗಿಸುವ ಶಾಖ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೌಲ್. ಆದರೆ ತಾಪಕದ ಶಾಖವೆಲ್ಲ ಪದಾರ್ಥಕ್ಕೆ ಸೇರದು. ತೆರೆದ ಎಣ್ಣೆಯ ಮೇಲ್ಮೈಯಿಂದ ವಿಕಿರಣದ ಮೂಲಕವೂ ಗಾಳಿಯ ಸಂವಹನದ ಮೂಲಕವೂ ಒಂದಂಶ ನಷ್ಟವಾಗುತ್ತದೆ. ನಮ್ಮ ೬ ಲೀಟರ್ ಯಂತ್ರದ ಎಣ್ಣೆಯ ಮೇಲ್ಮೈ ೨೪ ಸೆಂಟಿಮೀಟರ್ ಅಗಲ, ೨೮ ಸೆಂಟಿಮೀಟರ್ ಉದ್ದವಿದ್ದರೆ ಅಲ್ಲಿಂದಲೇ ಸುಮಾರು ೨೦೦ ವ್ಯಾಟ್ ಹೊರಟುಹೋಗುತ್ತದೆ. ಗೋಡೆಗಳ ನಷ್ಟವನ್ನೂ ಸೇರಿಸಿ ೩೦೦ ಎನ್ನೋಣ. ಉಳಿಯುವುದು ೨,೭೦೦ ವ್ಯಾಟ್. ೧೦ ಲೀಟರಿನ ತೊಟ್ಟಿಯ ಮೇಲ್ಮೈ ಇನ್ನೂ ವಿಶಾಲವಾದದ್ದು. ಅದರ ನಷ್ಟ ೪೫೦ ವ್ಯಾಟ್ ಎಂದರೆ ಉಳಿಯುವುದು ೧,೫೫೦ ವ್ಯಾಟ್.

ಭಾಗಾಕಾರ ಮಾಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ೬ ಲೀಟರಿನ ಯಂತ್ರ ಗಂಟೆಗೆ ಸುಮಾರು ೧೨ ಕಿಲೋಗ್ರಾಂ ಹಿಟ್ಟನ್ನು ಕರಿಯಬಲ್ಲದು. ೧೦ ಲೀಟರಿನದು ಕರಿಯಬಲ್ಲದ್ದು ೭ ಕಿಲೋಗ್ರಾಂ ಮಾತ್ರ. ಸಂಜೆಯ ೧೦ ಕಿಲೋಗ್ರಾಂ ಬೇಡಿಕೆಯನ್ನು ಸಣ್ಣ ತೊಟ್ಟಿ ಪೂರೈಸುತ್ತದೆ, ದೊಡ್ಡ ತೊಟ್ಟಿ ಪೂರೈಸಲಾರದು! ಹೆಪ್ಪುಗಟ್ಟಿದ ಆಲೂಗೆಡ್ಡೆಯಾದರೆ ಎಷ್ಟೆಷ್ಟು ಎಂಬುದನ್ನು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು.

ಕೆರೆಯೂ ಕಾಲುವೆಯೂ

‘ಎಣ್ಣೆ ಹೆಚ್ಚಾಗಿದ್ದರೆ ಶಾಖವೂ ಹೆಚ್ಚಾಗಿ ಸಂಗ್ರಹವಾಗಿರುವುದಿಲ್ಲವೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ೧೦ ಲೀಟರ್ ಎಣ್ಣೆಯ ತೂಕ ಸುಮಾರು ೯.೨ ಕಿಲೋಗ್ರಾಂ. ಎಣ್ಣೆಯ ವಿಶಿಷ್ಟ ಶಾಖವನ್ನು ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ ೨.೨ ಕಿಲೊಜೌಲ್ ಎಂದು ಹಿಡಿದರೆ, ಈ ತೊಟ್ಟಿಯ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಅದರಿಂದ ೨೦ ಕಿಲೊಜೌಲ್ ಹೊರಬರಬೇಕು. ೬ ಲೀಟರಿನ ತೊಟ್ಟಿಗಾದರೆ ೧೨ ಕಿಲೊಜೌಲ್ ಸಾಕು. ಆದುದರಿಂದ ಮೊದಲ ಒಬ್ಬೆಯಲ್ಲಿ ದೊಡ್ಡ ತೊಟ್ಟಿ ಹೆಚ್ಚು ಗಟ್ಟಿಯಾಗಿಯೇ ನಿಲ್ಲುತ್ತದೆ.

ಆದರೆ ಮುಂದೇನಾಗುತ್ತದೆ? ವಿಶಾಲವಾದ ತೊಟ್ಟಿಯನ್ನು ಕಂಡ ಅಡಿಗೆಯವನು ಒಂದೇ ಸಲಕ್ಕೆ ಒಂದು ಕಿಲೋಗ್ರಾಂ ಹಿಟ್ಟನ್ನು ಬಿಡುತ್ತಾನೆ. ಅದಕ್ಕೆ ೮೦೦ ಕಿಲೊಜೌಲ್ ಬೇಕು. ನಾಲ್ಕು ನಿಮಿಷದಲ್ಲಿ ತಾಪಕದಿಂದ ಎಣ್ಣೆಗೆ ಬಂದು ಸೇರುವುದು ಸುಮಾರು ೩೭೦ ಮಾತ್ರ. ಉಳಿದ ೪೩೦ ಕಿಲೊಜೌಲನ್ನು ಎಣ್ಣೆ ತನ್ನ ಸಂಗ್ರಹದಿಂದ ತೆತ್ತು, ೧೮೦ ಡಿಗ್ರಿಯಿಂದ ೧೫೯ಕ್ಕೆ ಇಳಿಯುತ್ತದೆ. ಬಾಗಿಲಲ್ಲಿ ಗಿರಾಕಿಗಳು ಕಾದಿರುವುದರಿಂದ ಎರಡನೆಯ ಒಬ್ಬೆ ಆ ಕೂಡಲೇ ಬೀಳುತ್ತದೆ; ಉಷ್ಣತೆ ೧೪೦ರ ಕೆಳಕ್ಕೆ ಜಾರುತ್ತದೆ. ಮೂರನೆಯ ಒಬ್ಬೆಯ ವಡೆಗಳು ನಾಲ್ಕು ನಿಮಿಷವಲ್ಲ, ಎಂಟು ನಿಮಿಷವಾದರೂ ಬಣ್ಣ ತಿರುಗದೆ, ಎಣ್ಣೆ ಕುಡಿದು ಮೆತ್ತಗಾಗುತ್ತವೆ. ಸಣ್ಣ ತೊಟ್ಟಿಯಲ್ಲಿಯಾದರೋ ಒಂದು ಸಲಕ್ಕೆ ಅರ್ಧ ಕಿಲೋಗ್ರಾಂ ಮಾತ್ರ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ೪೦೦ ಕಿಲೊಜೌಲ್. ನಾಲ್ಕು ನಿಮಿಷದಲ್ಲಿ ಒದಗುವುದು ೬೪೮. ಹಿಟ್ಟು ಬಿದ್ದ ಮೊದಲ ನಿಮಿಷದಲ್ಲಿ ಉಷ್ಣತೆ ತುಸು ತಗ್ಗಿದರೂ ಒಬ್ಬೆ ಮುಗಿಯುವ ವೇಳೆಗೆ ಮತ್ತೆ ಮೇಲೇರಿರುತ್ತದೆ.

ತೊಟ್ಟಿಯ ಎಣ್ಣೆಯನ್ನು ಕೆರೆಗೂ ತಾಪಕವನ್ನು ಆ ಕೆರೆಗೆ ನೀರು ತರುವ ಕಾಲುವೆಗೂ ಹೋಲಿಸಬಹುದು. ಕೆರೆ ದೊಡ್ಡದಾದ ಮಾತ್ರಕ್ಕೆ ಗದ್ದೆಗಳು ನೆನೆಯುವುದಿಲ್ಲ. ಬಿಟ್ಟ ನೀರಿನಷ್ಟು ಕಾಲುವೆ ತಂದು ತುಂಬಬೇಕು. ಇಲ್ಲವಾದರೆ ಕೆರೆ ಬತ್ತುವುದು ಒಂದು ದಿನ ತಡವಾದೀತು, ತಪ್ಪದು. ಆದುದರಿಂದ ನೋಡಬೇಕಾದದ್ದು ಒಂದು ಲೀಟರಿಗೆ ಎಷ್ಟು ವ್ಯಾಟ್ ಎಂಬ ಪ್ರಮಾಣವನ್ನು. ದೊಡ್ಡ ಯಂತ್ರದಲ್ಲಿ ಅದು ೨೦೦, ಸಣ್ಣದರಲ್ಲಿ ೫೦೦.

ಬೆಳಗಿನ ಹೊತ್ತು ಎಣ್ಣೆ ಕಾಯುವುದರಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ೩೦ ಡಿಗ್ರಿಯಿಂದ ೧೮೦ಕ್ಕೆ ಏರಲು ಸಣ್ಣ ತೊಟ್ಟಿಗೆ ೧,೮೦೦ ಕಿಲೊಜೌಲ್, ಎಂದರೆ ೧೦ ನಿಮಿಷ ಸಾಕು. ದೊಡ್ಡದಕ್ಕೆ ೩,೦೦೦ ಕಿಲೊಜೌಲ್. ೨೫ ನಿಮಿಷ ಬೇಕು. ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ ಎರಡೂ ಇನ್ನಷ್ಟು ತಡವಾಗುತ್ತವೆ.

ಉಷ್ಣತೆ ಇಳಿಯುವುದನ್ನು ಕಂಡ ಕೆಲವರು ಗುಂಡಿಯನ್ನು ೨೦೦ ಡಿಗ್ರಿಗೆ ತಿರುಗಿಸಿ ಸಮಸ್ಯೆ ಪರಿಹಾರವಾಯಿತೆಂದು ತಿಳಿಯುತ್ತಾರೆ. ಗುಂಡಿಯಿಂದ ವ್ಯಾಟ್ ಹುಟ್ಟುವುದಿಲ್ಲ. ಮೊದಲ ಒಬ್ಬೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗುತ್ತದೆ, ಎಣ್ಣೆ ಬೇಗ ಕೆಡುತ್ತದೆ, ಕೊನೆಯ ಒಬ್ಬೆಗಳು ಮಾತ್ರ ಮೊದಲಿನಂತೆಯೇ ಮೆತ್ತಗಿರುತ್ತವೆ. ಇದರಲ್ಲಿ ಆರೋಗ್ಯದ ಮಾತೂ ಇದೆ. ಆಲೂಗೆಡ್ಡೆಯಂತಹ ಪಿಷ್ಟಪದಾರ್ಥಗಳನ್ನು ಹೆಚ್ಚು ಉಷ್ಣತೆಯಲ್ಲಿ ಕರಿದಾಗ ಆಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಉಂಟಾಗುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು ೨೦೦೨ರಲ್ಲಿ ತೋರಿಸಿಕೊಟ್ಟರು. ಐರೋಪ್ಯ ಒಕ್ಕೂಟವು ೨೦೧೭ರಲ್ಲಿ ಮಾಡಿದ ನಿಯಮದಲ್ಲಿ, ಆಲೂಗೆಡ್ಡೆಯ ಹೋಳುಗಳನ್ನು ಕರಿಯುವಾಗ ಎಣ್ಣೆ ೧೭೫ ಡಿಗ್ರಿಯನ್ನು ಮೀರದಿರಲಿ ಎಂದು ಸೂಚಿಸಿದೆ. ಸಾಕಷ್ಟು ವ್ಯಾಟ್ ಇದ್ದವರಿಗೆ ಮಾತ್ರ ಈ ಸಂಯಮ ಸಾಧ್ಯ.

ಆಳವೋ, ಅಗಲವೋ?

ಮೇಜಿನ ಮೇಲಣ ಯಂತ್ರಗಳಲ್ಲಿ ಅನೇಕವು ಪಾಶ್ಚಾತ್ಯರ ಆಲೂಗೆಡ್ಡೆಯ ಹೋಳುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ತೊಟ್ಟಿ ಕಿರಿದು ಮತ್ತು ಆಳ. ಜೊತೆಗೊಂದು ತಂತಿಯ ಜಾಲರಿ. ಹೋಳುಗಳನ್ನು ಜಾಲರಿಯಲ್ಲಿ ರಾಶಿ ಹಾಕಿ ಮುಳುಗಿಸಿದರೆ ಕೆಲಸವಾಯಿತು. ನಮ್ಮ ವಡೆ, ಬೋಂಡ, ಪೂರಿಗಳ ಸ್ವಭಾವ ಬೇರೆ. ಹಿಟ್ಟು ಮೊದಲು ಮುಳುಗಿದರೂ ಒಳಗೆ ಉಗಿ ತುಂಬಿ ಉಬ್ಬುತ್ತಲೇ ಅದರ ಸಾಂದ್ರತೆ ಎಣ್ಣೆಯದಕ್ಕಿಂತ ಕಡಿಮೆಯಾಗಿ, ಆರ್ಕಿಮಿಡೀಸನ ಸೂತ್ರಕ್ಕನುಗುಣವಾಗಿ ತೇಲಿಬಿಡುತ್ತದೆ. ತೇಲುವ ಪದಾರ್ಥಕ್ಕೆ ಬೇಕಾದದ್ದು ಅಗಲ, ಆಳವಲ್ಲ. ೭ ಸೆಂಟಿಮೀಟರ್ ವ್ಯಾಸದ ವಡೆಗಳಾದರೆ ೨೪ಕ್ಕೆ ೨೮ರ ಮೇಲ್ಮೈಯಲ್ಲಿ ಆರಾಮವಾಗಿ ಹತ್ತು ಹಿಡಿಸುತ್ತವೆ. ವಡೆಗೆ ೫೦ ಗ್ರಾಮಿನಂತೆ ಅದೇ ನಮ್ಮ ಅರ್ಧ ಕಿಲೋಗ್ರಾಂ. ಅಷ್ಟೇ ಎಣ್ಣೆ ಹಿಡಿಯುವ, ಆದರೆ ಬಾವಿಯಂತೆ ಕಿರಿದಾದ ತೊಟ್ಟಿಯಲ್ಲಿ ಐದಾರು ವಡೆಗಳಿಗೂ ಜಾಗವಿರದು. ಇದಲ್ಲದೆ ಹಸಿ ಹಿಟ್ಟು ಜಾಲರಿಯ ತಂತಿಗಳನ್ನು ಸುತ್ತಿಕೊಂಡು ಅಂಟುತ್ತದೆ. ಜಾಲರಿಯಿಲ್ಲದೆ ಜಾಲಿಸೌಟಿನಿಂದ ಕೆಲಸ ಮಾಡಲು ಬರುವಂತೆ, ನಳಿಗೆಯ ಮೇಲೆ ರಕ್ಷಣೆಯ ಜರಡಿಯಿರುವ ಅಗಲವಾದ ತೊಟ್ಟಿಯೇ ನಮಗೆ ಒಗ್ಗುವುದು.

ಎಣ್ಣೆಯ ಮೇಲೆ ಸ್ಥಳವೂ ಉಳಿದಿರಬೇಕು. ಬಿಸಿಯಾದಾಗ ೬ ಲೀಟರ್ ಎಣ್ಣೆ ಸುಮಾರು ಅರ್ಧ ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಗಂಟೆಗೆ ೧೨ ಕಿಲೋಗ್ರಾಂ ಹಿಟ್ಟನ್ನು ಕರಿಯುವಾಗ ೩ ಕಿಲೋಗ್ರಾಂ ನೀರು ಉಗಿಯಾಗಿ, ಪ್ರತಿ ಸೆಕೆಂಡಿಗೆ ಸುಮಾರು ೧.೪ ಲೀಟರ್ ಉಗಿ ಎಣ್ಣೆಯ ಮೂಲಕ ಮೇಲೇಳುತ್ತದೆ. ಅಂಚಿನವರೆಗೆ ತುಂಬಿದ ತೊಟ್ಟಿ ಉಕ್ಕದೆ ಇದ್ದೀತೆ? ಇಷ್ಟು ಉಗಿಯನ್ನೂ ಅದರ ಜೊತೆಯ ಎಣ್ಣೆಯ ಹನಿಗಳನ್ನೂ ಸಾಗಿಸುವ ಹೊಗೆಗೂಡು ಕೂಡ ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ತಾಪಕ ನಳಿಗೆ ಮತ್ತು ತಣ್ಣನೆಯ ವಲಯ

ವಿದ್ಯುತ್ ಪ್ರವಾಹದಿಂದ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂದು ಜೌಲನು ೧೮೪೧ರಲ್ಲಿ ಪ್ರಕಟಿಸಿದನು. ಆದರೆ ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ದೊರೆತದ್ದು ಬಹಳ ತಡವಾಗಿ. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಲೋಹಕ್ಕೆ ೧೯೦೬ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ತಾಪಕಗಳಲ್ಲಿ ಈ ಬಗೆಯ ತಂತಿಯ ಸುರುಳಿಯನ್ನು ಉಕ್ಕಿನ ನಳಿಗೆಯೊಳಗಿಟ್ಟು, ಸುತ್ತಲೂ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಬಿಗಿಯಾಗಿ ತುಂಬುತ್ತಾರೆ. ಈ ಪುಡಿ ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಮಾತ್ರ ಚೆನ್ನಾಗಿ ಹಾಯಿಸುತ್ತದೆ.

ಎರಡು ಯಂತ್ರಗಳೂ ೩,೦೦೦ ವ್ಯಾಟಿನವೇ ಆದರೂ ಅವುಗಳ ನಳಿಗೆಗಳು ಸಮನಾಗಿರಬೇಕಾಗಿಲ್ಲ. ೮ ಮಿಲಿಮೀಟರ್ ದಪ್ಪದ ನಳಿಗೆ ೨೪೦ ಸೆಂಟಿಮೀಟರ್ ಉದ್ದವಿದ್ದರೆ ಅದರ ಮೇಲ್ಮೈ ೬೦೦ ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ ೫ ವ್ಯಾಟ್. ಉದ್ದ ಇದರ ಅರ್ಧವಿದ್ದರೆ ೧೦ ವ್ಯಾಟ್. ಎಣ್ಣೆ ಶಾಖವನ್ನು ನೀರಿನಷ್ಟು ಚೆನ್ನಾಗಿ ಹಾಯಿಸುವುದಿಲ್ಲ. ಆದ್ದರಿಂದ ಗಿಡ್ಡ ನಳಿಗೆಯನ್ನು ಮುಟ್ಟಿದ ಎಣ್ಣೆಯ ತೆಳುಪದರ, ಥರ್ಮೋಸ್ಟಾಟು ೧೮೦ ಎಂದು ತೋರಿಸುತ್ತಿದ್ದರೂ, ಅದಕ್ಕಿಂತ ಬಹಳ ಮೇಲೇರಿ ಸೀದುಹೋಗುತ್ತದೆ. ಅಂಗಡಿಯಲ್ಲಿ ಒಂದು ದಾರವನ್ನು ನಳಿಗೆಯ ಬಾಗುಗಳ ಗುಂಟ ಇಟ್ಟು ಅಳೆದು ನೋಡಿರಿ. ಉದ್ದ ಹೆಚ್ಚಿದ್ದಷ್ಟೂ ಎಣ್ಣೆಗೆ ಕ್ಷೇಮ.

ನಳಿಗೆ ತೊಟ್ಟಿಯ ತಳಕ್ಕೆ ಅಂಟಿಕೊಂಡಿರಬಾರದು. ಬಿಸಿಯಾದ ಎಣ್ಣೆ ಹಗುರವಾಗಿ ಮೇಲೇರುತ್ತದೆ; ನಳಿಗೆಯ ಕೆಳಗಣ ಎಣ್ಣೆಗೆ ಸಂವಹನದ ಶಾಖ ಮುಟ್ಟುವುದಿಲ್ಲ. ಹೀಗಾಗಿ ತಳದಲ್ಲಿ ಒಂದು ತಣ್ಣನೆಯ ವಲಯ ಉಂಟಾಗುತ್ತದೆ. ಉದುರಿದ ಹಿಟ್ಟಿನ ಕಾಳುಗಳು ಅಲ್ಲಿಗಿಳಿದು ಸೀಯದೆ ಕೂಡುತ್ತವೆ. ಒಲೆಯ ಮೇಲಣ ಬಾಣಲೆಯಲ್ಲಿ ತಳವೇ ಅತ್ಯಂತ ಬಿಸಿಯಾದ ಜಾಗ. ಉದುರಿದ್ದೆಲ್ಲ ಅಲ್ಲಿ ಕರಿಕಾಗಿ ಎಣ್ಣೆಯನ್ನು ಕೆಡಿಸುತ್ತದೆ. ವಿದ್ಯುತ್ ಬಾಣಲೆಯ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ.

ಎಣ್ಣೆಯ ಆಯುಸ್ಸು

ಗಾಳಿ, ನೀರು, ಶಾಖ ಈ ಮೂರೂ ಸೇರಿ ಎಣ್ಣೆಯನ್ನು ದಿನದಿನಕ್ಕೂ ಕೆಡಿಸುತ್ತವೆ. ಹೀಗೆ ಹುಟ್ಟುವ ವಸ್ತುಗಳನ್ನು ಒಟ್ಟಾಗಿ ಧ್ರುವೀಯ ಸಂಯುಕ್ತಗಳೆಂದು ಅಳೆಯುತ್ತಾರೆ. ಅವು ಶೇಕಡ ೨೫ನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಬಾರದೆಂಬ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ ೨೦೧೮ರ ಜುಲೈ ೧ರಿಂದ ಜಾರಿಗೆ ಬಂದಿತು. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಸುವ ಯೋಜನೆಯೊಂದೂ ಅದೇ ವರ್ಷ ಪ್ರಾರಂಭವಾಯಿತು.

ತೊಟ್ಟಿಯ ಗಾತ್ರಕ್ಕೂ ಇದಕ್ಕೂ ಸಂಬಂಧವುಂಟು. ಒಂದು ಕಿಲೋಗ್ರಾಂ ಹಿಟ್ಟು ೧೦೦ ಗ್ರಾಂ ಎಣ್ಣೆಯನ್ನು ಹೀರುವುದೆಂದರೆ, ದಿನಕ್ಕೆ ೧೦ ಕಿಲೋಗ್ರಾಮಿನೊಡನೆ ಒಂದು ಕಿಲೋಗ್ರಾಂ ಎಣ್ಣೆ ಹೊರಗೆ ಹೋಗುತ್ತದೆ. ಅಷ್ಟೇ ಹೊಸ ಎಣ್ಣೆ ಒಳಗೆ ಬರುತ್ತದೆ. ಸಣ್ಣ ತೊಟ್ಟಿಗೆ ಅದರ ೫.೫ ಕಿಲೋಗ್ರಾಮಿನಷ್ಟು ಹೊಸ ಎಣ್ಣೆ ಐದಾರು ದಿನಗಳಲ್ಲಿ ಸೇರಿದರೆ, ದೊಡ್ಡದಕ್ಕೆ ಅದರ ೯.೨ ಕಿಲೋಗ್ರಾಂ ಸೇರಲು ಒಂಬತ್ತು ದಿನಗಳು ಬೇಕು. ಅಷ್ಟು ದಿನವೂ ಆ ಎಣ್ಣೆ ಹೆಚ್ಚು ವಿಶಾಲವಾದ ಮೇಲ್ಮೈಯಿಂದ ಗಾಳಿಗೆ ತೆರೆದುಕೊಂಡಿರುತ್ತದೆ. ಗಿರಾಕಿಯ ಹೊಟ್ಟೆಗೂ ಮಾಲೀಕನ ಕೈಚೀಲಕ್ಕೂ ಸಣ್ಣ ತೊಟ್ಟಿಯೇ ಹಿತ.

ವ್ಯಾಪಾರ ಹೆಚ್ಚಿದ್ದರೆ ಒಂದು ದೊಡ್ಡ ತೊಟ್ಟಿಗೆ ಬದಲಾಗಿ ಎರಡು ಸಣ್ಣ ತೊಟ್ಟಿಗಳು ಲೇಸು. ಬಿಡುವಿನ ವೇಳೆಯಲ್ಲಿ ಒಂದನ್ನು ಆರಿಸಿ ಮುಚ್ಚಿಡಬಹುದು. ಮೀನು ಕರಿಯುವ ಹೋಟೆಲಾದರೆ ತರಕಾರಿಯ ಎಣ್ಣೆಯನ್ನು ಬೇರೆಯಾಗಿಯೇ ಇಡಬಹುದು.

ತಂತಿ, ವೋಲ್ಟೇಜು, ಖರ್ಚು

ನಮ್ಮ ದೇಶದ ವಿದ್ಯುತ್ ಸರಬರಾಜು ೨೩೦ ವೋಲ್ಟ್. ೩,೦೦೦ ವ್ಯಾಟಿನ ಯಂತ್ರ ೧೩ ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ೧೬ ಆಂಪಿಯರಿನ ಸಾಕೆಟ್ಟು ಇದನ್ನು ತಾಳುತ್ತದೆ. ೬ ಆಂಪಿಯರಿನದು ತಾಳದು. ಎರಡು ಯಂತ್ರಗಳಿದ್ದರೆ ಎರಡು ಪ್ರತ್ಯೇಕ ಸಾಲುಗಳು ಬೇಕು. ಹೋಟೆಲಿಗೆ ಮಂಜೂರಾದ ಹೊರೆ ಎಷ್ಟೆಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ವೋಲ್ಟೇಜು ಇಳಿದರೆ ಸಾಮರ್ಥ್ಯ ಅದರ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಈ ನಳಿಗೆಯ ರೋಧ ೧೭.೬ ಓಮ್. ಸಂಜೆ ಎಲ್ಲರ ಮನೆಯಲ್ಲಿಯೂ ದೀಪ ಹತ್ತಿ ವೋಲ್ಟೇಜು ೨೦೦ಕ್ಕೆ ಇಳಿದರೆ ೩,೦೦೦ ವ್ಯಾಟಿನ ಯಂತ್ರ ೨,೨೭೦ ವ್ಯಾಟಿನದಾಗುತ್ತದೆ. ಗಂಟೆಗೆ ೧೨ ಕಿಲೋಗ್ರಾಂ ಎಂಬುದು ೯ಕ್ಕೆ ಇಳಿಯುತ್ತದೆ. ವೋಲ್ಟೇಜಿನಲ್ಲಿ ಶೇಕಡ ೧೩ರ ಕೊರತೆ, ಸಾಮರ್ಥ್ಯದಲ್ಲಿ ಶೇಕಡ ೨೪ರ ಕೊರತೆ! ತಂತಿ ತೆಳುವಾಗಿದ್ದರೂ ಹೀಗೆಯೇ. ೨೦ ಮೀಟರ್ ದೂರಕ್ಕೆ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಅದರಲ್ಲಿಯೇ ೯ ವೋಲ್ಟ್ ನಷ್ಟವಾಗಿ, ಸುಮಾರು ೧೨೦ ವ್ಯಾಟ್ ಶಾಖ ಗೋಡೆಯೊಳಗೆ ಹುಟ್ಟುತ್ತದೆ. ೪ ಚದರ ಮಿಲಿಮೀಟರಿನ ತಂತಿಯಲ್ಲಿ ಈ ನಷ್ಟ ೩೦ ವ್ಯಾಟ್ ಮಾತ್ರ.

ಖರ್ಚಿನ ಹೋಲಿಕೆಗೆ ಒಂದು ಸೂತ್ರವನ್ನು ನೆನಪಿಡಬಹುದು. ೧೯ ಕಿಲೋಗ್ರಾಮಿನ ಅನಿಲದ ಸಿಲಿಂಡರಿನಲ್ಲಿ ಸುಮಾರು ೨೪೦ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ತೆರೆದ ಬಾಣಲೆಗೆ ಅದರ ಅರ್ಧ ಸೇರಿದರೆ ೧೨೦ ಯೂನಿಟ್. ವಿದ್ಯುತ್ ಯಂತ್ರದಲ್ಲಿ ನಳಿಗೆ ಎಣ್ಣೆಯೊಳಗೇ ಮುಳುಗಿರುವುದರಿಂದ ಅದರ ಶಾಖವೆಲ್ಲವೂ ಎಣ್ಣೆಗೆ ಸೇರುತ್ತದೆ. ಆದುದರಿಂದ ಒಂದು ಸಿಲಿಂಡರಿನ ಬೆಲೆಯನ್ನು ೧೨೦ ಯೂನಿಟ್ ವಿದ್ಯುತ್ತಿನ ಬೆಲೆಯೊಡನೆ ಹೋಲಿಸಿ ನೋಡಿದರೆ ಉತ್ತರ ತಿಳಿಯುತ್ತದೆ.

ಇಬ್ಬರು ಕಾವಲುಗಾರರು

ಥರ್ಮೋಸ್ಟಾಟಿನ ಸಣ್ಣ ಬುರುಡೆಯೊಂದು ಎಣ್ಣೆಯಲ್ಲಿ ಮುಳುಗಿರುತ್ತದೆ. ಅದರೊಳಗಿನ ದ್ರವ ಹಿಗ್ಗಿ, ಒಂದು ತೆಳುಪೊರೆಯನ್ನು ತಳ್ಳಿ, ವಿದ್ಯುತ್ ಸಂಪರ್ಕವನ್ನು ಕಡಿಯುತ್ತದೆ. ಆದರೆ ಆ ಸಂಪರ್ಕ ಎಂದಾದರೊಂದು ದಿನ ಅಂಟಿಕೊಂಡರೆ? ಹೆಚ್ಚು ವ್ಯಾಟಿನ ಸಣ್ಣ ತೊಟ್ಟಿಯ ದೋಷ ಇಲ್ಲಿ ಕಾಣುತ್ತದೆ. ಅದು ಬೇಗ ಕಾಯುವಂತೆಯೇ ಬೇಗ ಮಿತಿಮೀರುತ್ತದೆ. ಸಂಸ್ಕರಿಸಿದ ಎಣ್ಣೆಗಳು ಸಾಮಾನ್ಯವಾಗಿ ೨೦೦ ಡಿಗ್ರಿ ದಾಟಿದ ಮೇಲೆ ಹೊಗೆಯಾಡುತ್ತವೆ. ೩೫೦ ಡಿಗ್ರಿಯನ್ನು ದಾಟುತ್ತ ಹೋದಂತೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತವೆ. ನಮ್ಮ ೬ ಲೀಟರ್ ಎಣ್ಣೆ ೧೮೦ರಿಂದ ೩೫೦ಕ್ಕೆ ಏರಲು ಹದಿನೈದು ನಿಮಿಷದ ಸುಮಾರು ಸಾಕು. ಅಡಿಗೆಯವನು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟು ಹೊತ್ತು.

ಆದಕಾರಣ ಎರಡನೆಯ ಕಾವಲುಗಾರನಿಲ್ಲದ ಯಂತ್ರವನ್ನು, ಅದು ಎಷ್ಟೇ ಅಗ್ಗವಾಗಿರಲಿ, ಕೊಳ್ಳಬಾರದು. ಇದು ಥರ್ಮೋಸ್ಟಾಟಿಗೆ ಸಂಬಂಧವಿಲ್ಲದ, ಸಾಮಾನ್ಯವಾಗಿ ೨೩೦ ಡಿಗ್ರಿಯ ಸುಮಾರಿಗೆ ವಿದ್ಯುತ್ತನ್ನು ಕಡಿಯುವ, ಮನುಷ್ಯನೇ ಒತ್ತಿದ ಹೊರತು ಮತ್ತೆ ಕೂಡಿಕೊಳ್ಳದ ಮಿತಿಸ್ವಿಚ್ಚು. ಭೂಸಂಪರ್ಕವೂ ೩೦ ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ರಕ್ಷಕವೂ ಇರಲೇಬೇಕು. ಎಣ್ಣೆ ಕನಿಷ್ಠ ಗುರುತಿಗಿಂತ ಕೆಳಗಿಳಿದು ನಳಿಗೆ ಗಾಳಿಗೆ ತೆರೆದುಕೊಂಡರೆ ಅದು ಕೆಂಪಗೆ ಕಾಯುತ್ತದೆ. ವನಸ್ಪತಿಯಂತಹ ಗಟ್ಟಿಯಾದ ಕೊಬ್ಬನ್ನು ಬೇರೆಡೆ ಕರಗಿಸಿಯೇ ಸುರಿಯಬೇಕೆಂಬುದಕ್ಕೆ ಕಾರಣವೂ ಇದೇ.

ಒಂದು ವೇಳೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರನ್ನು ಎಂದಿಗೂ ಹಾಕಬಾರದು. ನೀರು ಎಣ್ಣೆಗಿಂತ ಭಾರವಾದ್ದರಿಂದ ಕೆಳಗಿಳಿದು, ಒಮ್ಮೆಲೇ ಉಗಿಯಾಗಿ ಸುಮಾರು ೧,೭೦೦ ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಚಿಮ್ಮಿಸುತ್ತದೆ. ದೂರದ ಸ್ವಿಚ್ಚಿನಿಂದ ವಿದ್ಯುತ್ತನ್ನು ಕಡಿದು, ಸಾಧ್ಯವಿದ್ದರೆ ಲೋಹದ ಮುಚ್ಚಳವನ್ನು ಜಾರಿಸಿ ಮುಚ್ಚಬೇಕು. ಅಡಿಗೆ ಎಣ್ಣೆಯ ಬೆಂಕಿಗೆಂದೇ ಮಾಡಿದ ಒದ್ದೆ ರಾಸಾಯನಿಕದ ಅಗ್ನಿಶಾಮಕವು ಎಣ್ಣೆಯ ಮೇಲ್ಮೈಯನ್ನು ಸಾಬೂನಿನ ನೊರೆಯಾಗಿಸಿ, ಗಾಳಿ ತಗಲದಂತೆ ಮಾಡುತ್ತದೆ.

ನೀರಿನ ಪರೀಕ್ಷೆ

ಫಲಕದ ಮೇಲೆ ಅಚ್ಚಾದ ವ್ಯಾಟನ್ನು ನಂಬಬಹುದೆ? ಕಾಲೇಜಿನ ಪ್ರಯೋಗಶಾಲೆಯ ಉಷ್ಣಮಾಪನವೇ ಇದಕ್ಕೆ ಪರೀಕ್ಷೆ. ತೊಟ್ಟಿಗೆ ಅಳತೆ ಮಾಡಿದ ೬ ಲೀಟರ್ ನೀರನ್ನು ಸುರಿಯಿರಿ. ಕಲಕುತ್ತಿದ್ದು, ೩೦ ಡಿಗ್ರಿಯಿಂದ ೮೦ ಡಿಗ್ರಿಗೆ ಏರಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿರಿ. ಲೋಹದ ಸೌಟನ್ನು ಬಿಟ್ಟು ಮರದ ಸೌಟಿನಿಂದಲೇ ಕಲಕಬೇಕು. ಬೇಕಾದ ಶಾಖ ಸುಮಾರು ೧,೨೫೦ ಕಿಲೊಜೌಲ್. ೩,೦೦೦ ವ್ಯಾಟ್ ನಿಜವಾಗಿದ್ದರೆ ಏಳು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಹತ್ತು ನಿಮಿಷವಾದರೆ ವೋಲ್ಟೇಜು ಕಡಿಮೆಯಿರಬೇಕು, ಇಲ್ಲವೆ ಫಲಕ ಸುಳ್ಳಾಗಿರಬೇಕು. ಪರೀಕ್ಷೆಯ ಬಳಿಕ ತೊಟ್ಟಿಯನ್ನೂ ನಳಿಗೆಯನ್ನೂ ಕೊಳವೆಯನ್ನೂ ಸಂಪೂರ್ಣವಾಗಿ ಒರೆಸಿ ಒಣಗಿಸಿಯೇ ಎಣ್ಣೆ ಹಾಕಬೇಕು.

ಮೀಟರಿನಿಂದಲೂ ಇದನ್ನು ತಿಳಿಯಬಹುದು. ಯೂನಿಟ್ಟಿಗೆ ೩,೨೦೦ ಮಿಣುಕುಗಳೆಂದು ಮೀಟರಿನ ಮೇಲೆ ಅಚ್ಚಾಗಿದ್ದರೆ, ಉಳಿದೆಲ್ಲ ಉಪಕರಣಗಳನ್ನು ಆರಿಸಿದಾಗ ೩,೦೦೦ ವ್ಯಾಟಿನ ಯಂತ್ರವೊಂದೇ ಅದರ ಕೆಂಪು ದೀಪವನ್ನು ನಿಮಿಷಕ್ಕೆ ೧೬೦ ಸಲ ಮಿಣುಕಿಸಬೇಕು.

ನಮ್ಮ ಉಪಾಹಾರ ಗೃಹದ ಮಾಲೀಕನಿಗೆ ಈಗ ಉತ್ತರ ದೊರೆತಿದೆ. ತನ್ನ ಅತ್ಯಂತ ದಟ್ಟವಾದ ಒಂದು ಗಂಟೆಯಲ್ಲಿ ಎಷ್ಟು ಕಿಲೋಗ್ರಾಂ ಕರಿಯಬೇಕೆಂದು ಮೊದಲು ತಿಳಿಯಲಿ. ಅದನ್ನು ೮೦೦ರಿಂದ ಗುಣಿಸಿ ೩.೬ರಿಂದ ಭಾಗಿಸಿದರೆ ಪದಾರ್ಥಕ್ಕೆ ಮುಟ್ಟಬೇಕಾದ ವ್ಯಾಟ್ ದೊರೆಯುತ್ತದೆ. ಹತ್ತು ಕಿಲೋಗ್ರಾಮಿಗೆ ಅದು ಸುಮಾರು ೨,೨೨೦. ಅದಕ್ಕೆ ನಷ್ಟದ ೩೦೦ನ್ನೂ ಸಂಜೆಯ ಇಳಿದ ವೋಲ್ಟೇಜಿನ ಪಾಲನ್ನೂ ಕೂಡಿದರೆ ೩,೦೦೦ ವ್ಯಾಟನ್ನು ಮುಟ್ಟಿ ತುಸು ಮೀರುತ್ತದೆ. ವೋಲ್ಟೇಜು ಸರಿಯಿದ್ದ ದಿನ ಎರಡನೆಯ ಯಂತ್ರ ಕೆಲಸವನ್ನು ಸಲೀಸಾಗಿ ಮುಗಿಸುತ್ತದೆ. ಇಳಿದ ದಿನ ಕೊನೆಯ ಗಿರಾಕಿಗಳು ಏಳೆಂಟು ನಿಮಿಷ ಕಾಯಬೇಕಾದೀತು. ವ್ಯಾಟ್ ನಿಶ್ಚಯವಾದ ಮೇಲೆ ಅಗಲವನ್ನು, ನಳಿಗೆಯ ಉದ್ದವನ್ನು, ತಣ್ಣನೆಯ ವಲಯವನ್ನು, ಮಿತಿಸ್ವಿಚ್ಚನ್ನು ನೋಡಲಿ. ‘ಎಷ್ಟು ಲೀಟರು?’ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರಲಿ.